ಬಲವೂ ನೊಗವೂ: ಮೋಟಾರು ನೇಗಿಲು ಹದಕ್ಕೆ ಬಂದ ವೃತ್ತಾಂತ

ಸಂಸ್ಕೃತದಲ್ಲಿ ‘ಯುಜ್’ ಎಂಬುದೊಂದು ಧಾತುವುಂಟು. ಕೂಡಿಸು, ಹೂಡು ಎಂದು ಅದರ ಅರ್ಥ. ಎತ್ತುಗಳ ಹೆಗಲ ಮೇಲಿಡುವ ನೊಗಕ್ಕೆ ‘ಯುಗ’ವೆಂಬ ಹೆಸರು ಬಂದುದು ಈ ಧಾತುವಿನಿಂದಲೇ. ಯೋಗ, ಯೋಜನೆ, ಉದ್ಯೋಗ ಮೊದಲಾದ ಮಾತುಗಳೂ ಅದರಿಂದಲೇ ಹುಟ್ಟಿದುವು. ಇಂಗ್ಲಿಷರು ನೊಗಕ್ಕೆ ಹೇಳುವ ‘ಯೋಕ್’ ಎಂಬ ಶಬ್ದವೂ ಇದೇ ಬಳಗಕ್ಕೆ ಸೇರಿದುದೆಂದು ಭಾಷಾಶಾಸ್ತ್ರಜ್ಞರ ಮತ. ಬಲವಿರುವುದು ಒಂದು ಮಾತು. ಆ ಬಲವನ್ನು ಕೆಲಸಕ್ಕೆ ಹೂಡುವುದು ಮತ್ತೊಂದು ಮಾತು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟತರವಾದುದೆಂಬುದಕ್ಕೆ ಮೋಟಾರು ನೇಗಿಲಿನ ಚರಿತ್ರೆಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಅಪರೂಪ. ಇಂದು ನಮ್ಮ ಹಳ್ಳಿಗಳಲ್ಲೆಲ್ಲ ಟ್ರ್ಯಾಕ್ಟರು ಓಡಾಡುತ್ತಿದೆ. ಅದರ ಹಿಂಬದಿಯಲ್ಲಿ ಕಾಣುವ ಮೂರು ಕಬ್ಬಿಣದ ತೋಳುಗಳು ಯಾತಕ್ಕಾಗಿ ಅಲ್ಲಿವೆಯೆಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಉಚಿತ. ಅವುಗಳಲ್ಲಿ ಜಾಣತನವೂ ಇದೆ, ಪ್ರಾಣರಕ್ಷಣೆಯೂ ಇದೆ.

ಮೊದಲು ನಮ್ಮ ಮರದ ನೇಗಿಲನ್ನೇ ನೋಡೋಣ. ‘ಕೃಷಿಪರಾಶರ’ವೆಂಬ ಸಂಸ್ಕೃತ ಗ್ರಂಥವು ನೇಗಿಲಿಗೆ ಎಂಟು ಅಂಗಗಳನ್ನು ಹೇಳಿ, ಈಷೆಯು ಐದು ಮೊಳ ಉದ್ದವಿರಬೇಕೆಂದು ವಿಧಿಸುತ್ತದೆ. ನಮ್ಮ ರೈತರು ‘ಈಸು’ ಎನ್ನುವುದು ಈ ಈಷೆಯನ್ನೇ. ಗುಳವು ನೆಲವನ್ನು ಸೀಳುತ್ತದೆ. ಈಸು ನೊಗದವರೆಗೆ ಚಾಚಿಕೊಂಡಿರುತ್ತದೆ. ಉಳುವವನ ಕೈ ಮೇಳಿಯ ಮೇಲಿರುತ್ತದೆ. ಆ ಕೈಯ ಕೆಲಸವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನೆಲ ಗಟ್ಟಿಯಾದೊಡನೆ ಎತ್ತುಗಳು ಏದುವುದನ್ನು ಕಂಡು ಉಳುವವನು ಮೇಳಿಯ ಒತ್ತನ್ನು ಸಡಿಲಿಸುತ್ತಾನೆ. ಗುಳವು ಕೊಂಚ ಮೇಲಕ್ಕೆ ಬರುತ್ತದೆ. ನೆಲ ಮೆದುವಾದರೆ ಮತ್ತೆ ಒತ್ತುತ್ತಾನೆ. ಕಲ್ಲಿಗೋ ಬೇರಿಗೋ ಗುಳ ಸಿಕ್ಕಿದರೆ ಎತ್ತುಗಳು ತಾವಾಗಿಯೇ ನಿಂತುಬಿಡುತ್ತವೆ. ಹೀಗೆ ಎಳೆಯುವ ಬಲಕ್ಕೂ ನೆಲದ ಬಿಗಿಗೂ ನಡುವೆ ಒಂದು ಜೀವಂತವಾದ ವಿವೇಕವು ಸದಾ ಎಚ್ಚರವಾಗಿರುತ್ತದೆ. ಎತ್ತುಗಳ ಸ್ಥಾನದಲ್ಲಿ ಯಂತ್ರವನ್ನು ತಂದು ನಿಲ್ಲಿಸಿದಾಗ ಬಲವು ಹಲವು ಮಡಿ ಹೆಚ್ಚಿತು. ಈ ವಿವೇಕವು ಮಾತ್ರ ಲೋಪವಾಯಿತು. ಮುಂದಿನ ಸಂಕಟಗಳಿಗೆಲ್ಲ ಮೂಲವು ಇದೇ.

ಯಂತ್ರದಿಂದ ಉಳುವ ಪ್ರಯತ್ನವು ಇಂಗ್ಲೆಂಡಿನಲ್ಲಿ ಉಗಿಯ ಎಂಜಿನ್ನಿನಿಂದ ಮೊದಲಾಯಿತು. ಆ ಎಂಜಿನ್ನುಗಳು ಎಷ್ಟು ಭಾರವಾಗಿದ್ದುವೆಂದರೆ, ಅವುಗಳನ್ನು ಹೊಲಕ್ಕೆ ಇಳಿಸಿದರೆ ಉಳಬೇಕಾದ ನೆಲವೇ ಗಟ್ಟಿಕಟ್ಟಿಹೋಗುತ್ತಿತ್ತು. ಇದನ್ನರಿತ ಜಾನ್ ಫೌಲರ್ ಎಂಬಾತನು ಎಂಜಿನ್ನನ್ನು ಹೊಲದ ಅಂಚಿನಲ್ಲಿಯೇ ನಿಲ್ಲಿಸಿ, ತಂತಿಯ ಹಗ್ಗದಿಂದ ನೇಗಿಲನ್ನು ಅತ್ತಿಂದಿತ್ತ ಎಳೆಯುವ ಉಪಾಯವನ್ನು ಹೂಡಿದನು. 1858ರಲ್ಲಿ ಇಂಗ್ಲೆಂಡಿನ ರಾಯಲ್ ಕೃಷಿ ಸಂಘವು ಇದಕ್ಕಾಗಿ ಅವನಿಗೆ 500 ಪೌಂಡುಗಳ ಬಹುಮಾನವನ್ನಿತ್ತಿತು. ಉಪಾಯವೇನೋ ಸೊಗಸಾಗಿತ್ತು. ಆದರೆ ಅಂತಹ ಎಂಜಿನ್ನು, ಹಗ್ಗ, ಆಳುಗಳು ಇವಿಷ್ಟನ್ನೂ ಕೂಡಿಸಿಕೊಳ್ಳುವುದು ದೊಡ್ಡ ಜಮೀನ್ದಾರನಿಗೆ ಸಾಧ್ಯವೇ ಹೊರತು ಸಣ್ಣ ಒಕ್ಕಲಿಗನಿಗೆ ಎಟುಕುವಂತಿರಲಿಲ್ಲ.

ಅನಂತರ ಪೆಟ್ರೋಲಿನ ಯುಗವು ಬಂದಿತು. ಅಮೆರಿಕದ ಅಯೋವಾ ಪ್ರಾಂತದಲ್ಲಿ ಜಾನ್ ಫ್ರೋಲಿಕ್ ಎಂಬುವನು 1892ರಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸಬಲ್ಲ ಪೆಟ್ರೋಲ್ ಎಂಜಿನ್ನಿನ ಗಾಡಿಯನ್ನು ಕಟ್ಟಿದನು. ಅದೇ ಪ್ರಾಂತದ ಹಾರ್ಟ್ ಮತ್ತು ಪಾರ್ ಎಂಬ ಸ್ನೇಹಿತರು ಟ್ರ್ಯಾಕ್ಟರುಗಳ ತಯಾರಿಕೆಯನ್ನೇ ಕಸುಬಾಗಿ ಕೈಕೊಂಡರು. ಅವರ ಪ್ರಸಿದ್ಧವಾದ ಒಂದು ಯಂತ್ರವು ಸುಮಾರು 20,000 ಪೌಂಡು ತೂಗುತ್ತಿತ್ತು. ಅಷ್ಟೊಂದು ಭಾರವೇಕೆಂದು ವಾಚಕರು ಕೇಳಬಹುದು. ಗಾಲಿಯು ಜಾರದೆ ನೆಲವನ್ನು ಕಚ್ಚಿಹಿಡಿಯಬೇಕಾದರೆ ಅದರ ಮೇಲೆ ತೂಕವಿರಬೇಕು; ತೂಕ ಕಡಿಮೆಯಾದರೆ ಗಾಲಿ ಇದ್ದಲ್ಲಿಯೇ ಸುತ್ತುತ್ತದೆ, ನೇಗಿಲು ಕದಲುವುದಿಲ್ಲ. ಆದುದರಿಂದ ಹಿಡಿತಕ್ಕಾಗಿ ಕಬ್ಬಿಣವನ್ನು ಪೇರಿಸುವುದೊಂದೇ ಅಂದಿನವರಿಗೆ ತೋರಿದ ದಾರಿಯಾಗಿತ್ತು. ಇದಕ್ಕೆ ಅಪವಾದವಾಗಿ 1902ರಲ್ಲಿ ಇಂಗ್ಲೆಂಡಿನ ಡ್ಯಾನ್ ಆಲ್ಬೋನ್ ಎಂಬ ಬೈಸಿಕಲ್ ತಯಾರಕನು ಮೂರು ಗಾಲಿಯ ಹಗುರವಾದ ‘ಐವೆಲ್’ ಯಂತ್ರವನ್ನು ಹೊರತಂದನು. ಹಗುರವಾದ ಯಂತ್ರವೂ ಹೊಲದಲ್ಲಿ ದುಡಿಯಬಲ್ಲುದೆಂದು ಅದರಿಂದ ತೋರಿಬಂದಿತು.

ಹಗುರತನವನ್ನೂ ಅಗ್ಗದ ಬೆಲೆಯನ್ನೂ ಒಂದುಗೂಡಿಸಿದವನು ಹೆನ್ರಿ ಫೋರ್ಡ್. 1917ರಲ್ಲಿ ಅವನ ‘ಫೋರ್ಡ್ಸನ್’ ಟ್ರ್ಯಾಕ್ಟರು ಕಾರ್ಖಾನೆಯಿಂದ ಹೊರಬಿದ್ದಿತು. ಅದರ ತೂಕ ಸುಮಾರು 2,700 ಪೌಂಡು ಮಾತ್ರ. 1922ರಲ್ಲಿ ಅದರ ಬೆಲೆಯು 395 ಡಾಲರಿಗೆ ಇಳಿಯಿತು. ಸಾಮಾನ್ಯ ರೈತನೂ ಯಂತ್ರದ ಒಡೆಯನಾಗುವ ಕಾಲವು ಬಂದಿತೆಂದು ಜನರು ಹಿಗ್ಗಿದರು. ಆದರೆ ಈ ಯಂತ್ರಕ್ಕೆ ನೇಗಿಲನ್ನು ಹೂಡಿದ ಬಗೆ ಹಳೆಯದೇ ಆಗಿತ್ತು. ತನ್ನದೇ ಗಾಲಿಗಳುಳ್ಳ ನೇಗಿಲೊಂದನ್ನು ಸರಪಣಿಯಿಂದಲೋ ಕೊಂಡಿಯಿಂದಲೋ ಹಿಂದೆ ಕಟ್ಟಿ, ಕುದುರೆ ಎಳೆದಂತೆ ಎಳೆಯುತ್ತಿದ್ದರು.

ಇಲ್ಲಿ ಅಪಾಯವು ಹೊಂಚುಹಾಕಿತ್ತು. ಎಂಜಿನ್ನು ಹಿಂದಿನ ಇರುಸನ್ನು ತಿರುಗಿಸುತ್ತದೆ. ಇರುಸು ಗಾಲಿಗಳನ್ನು ತಿರುಗಿಸುತ್ತದೆ. ನೇಗಿಲು ದೊಡ್ಡದೊಂದು ಬೇರಿಗೆ ಸಿಕ್ಕಿ ಹಿಂದಿನ ಗಾಲಿಗಳು ತಿರುಗಲಾರದೆ ನಿಂತುಬಿಟ್ಟರೆ ಎಂಜಿನ್ನಿನ ಬಲವೆಲ್ಲಿಗೆ ಹೋಗಬೇಕು? ಗಾಲಿ ತಿರುಗದಿದ್ದರೆ ಗಾಡಿಯ ಒಡಲೇ ಇರುಸಿನ ಸುತ್ತ ತಿರುಗತೊಡಗುತ್ತದೆ. ಮುಂದಿನ ಗಾಲಿಗಳು ನೆಲವನ್ನು ಬಿಟ್ಟು ಮೇಲಕ್ಕೇಳುತ್ತವೆ. ಯಂತ್ರವು ಹಿಂದಕ್ಕೆ ಮಗುಚಿ, ಕುಳಿತವನ ಮೇಲೆಯೇ ಬೀಳುತ್ತದೆ. ಚಾಲಕನು ಕ್ಲಚ್ಚನ್ನು ತುಳಿಯುವಷ್ಟು ಹೊತ್ತು ಕೂಡ ಇರುವುದಿಲ್ಲ. ಎತ್ತಾದರೆ ಕಲ್ಲು ತಾಗಿದೊಡನೆ ನಿಲ್ಲುತ್ತಿತ್ತು. ಯಂತ್ರಕ್ಕೆ ನಿಲ್ಲುವ ಬುದ್ಧಿಯಿಲ್ಲ. ಹೀಗೆ ಪ್ರಾಣ ಕಳೆದುಕೊಂಡ ಒಕ್ಕಲಿಗರು ಅಮೆರಿಕದಲ್ಲಿ ಹಲವರು. ಹೊಟ್ಟೆಯ ಪಾಡಿಗೆಂದು ಬೆಳಗ್ಗೆ ಹೊಲಕ್ಕೆ ಹೋದವನು ಸಂಜೆ ಮನೆಗೆ ಮರಳದಿದ್ದರೆ, ಆ ಸಂಸಾರಕ್ಕೆ ಯಂತ್ರದ ಅಗ್ಗದ ಬೆಲೆಯಿಂದ ಬಂದ ಲಾಭವೇನು?

ಈ ಸಂಕಟಕ್ಕೆ ಪರಿಹಾರವು ಐರ್ಲೆಂಡಿನಿಂದ ಬಂದಿತು. ಹ್ಯಾರಿ ಫರ್ಗುಸನ್ ಎಂಬುವನು 1884ರಲ್ಲಿ ಆ ದ್ವೀಪದ ಉತ್ತರಭಾಗದ ಡೌನ್ ಜಿಲ್ಲೆಯ ರೈತ ಕುಟುಂಬದಲ್ಲಿ ಜನಿಸಿದನು. ಬೇಸಾಯದಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ; ಬೆಲ್‌ಫಾಸ್ಟ್ ನಗರದಲ್ಲಿದ್ದ ಅಣ್ಣನ ಮೋಟಾರು ಕಾರ್ಯಾಗಾರಕ್ಕೆ ಸೇರಿಕೊಂಡನು. 1909ನೆಯ ಇಸವಿಯ ಕಡೆಯ ದಿನದಂದು, ತಾನೇ ನಿರ್ಮಿಸಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಮೊದಲು ವಿಮಾನವನ್ನು ಹಾರಿಸಿದವನೆಂಬ ಕೀರ್ತಿಯನ್ನು ಪಡೆದನು. ಮೊದಲನೆಯ ಮಹಾಯುದ್ಧದಲ್ಲಿ ಆಹಾರದ ಅಭಾವವು ತಲೆದೋರಿದಾಗ, 1917ರಲ್ಲಿ, ಟ್ರ್ಯಾಕ್ಟರುಗಳ ಕೆಲಸವನ್ನು ಉತ್ತಮಪಡಿಸುವ ಹೊಣೆಯನ್ನು ಐರ್ಲೆಂಡಿನ ಕೃಷಿ ಮಂಡಲಿಯು ಅವನಿಗೆ ವಹಿಸಿತು. ಅವನು ವಿಲಿಯಂ ಸ್ಯಾಂಡ್ಸ್ ಎಂಬ ಸಹಾಯಕನೊಡನೆ ಹೊಲದಿಂದ ಹೊಲಕ್ಕೆ ತಿರುಗಿದನು. ದೋಷವು ಟ್ರ್ಯಾಕ್ಟರಿನಲ್ಲಿಯೂ ಇಲ್ಲ, ನೇಗಿಲಿನಲ್ಲಿಯೂ ಇಲ್ಲ. ಇವೆರಡನ್ನೂ ಕೂಡಿಸಿದ ರೀತಿಯಲ್ಲಿದೆ ಎಂಬುದು ಅವನಿಗೆ ಮನದಟ್ಟಾಯಿತು. ಯಂತ್ರವೂ ನೇಗಿಲೂ ಎರಡಾಗಿರದೆ ಒಂದೇ ಶರೀರದ ಅಂಗಗಳಂತೆ ಇರಬೇಕೆಂದು ಅವನು ನಿಶ್ಚಯಿಸಿದನು.

ಆ ವರ್ಷವೇ ಅವನು ಗಾಲಿಗಳೇ ಇಲ್ಲದ ನೇಗಿಲೊಂದನ್ನು ಮಾಡಿ ಯಂತ್ರದ ಒಡಲಿಗೇ ಜೋಡಿಸಿದನು. ಮುಂದೆ ಫೋರ್ಡ್ಸನ್ನಿಗಾಗಿ, ಒಂದರ ಮೇಲೊಂದಾಗಿ ಎರಡು ತೋಳುಗಳಿರುವ ಜೋಡಣೆಯನ್ನು ಕಲ್ಪಿಸಿದನು. ಕಡೆಗೆ ಅದು ಮೂರು ತೋಳುಗಳ ಜೋಡಣೆಯಾಗಿ ನೆಲೆನಿಂತಿತು: ಕೆಳಗೆ ಎರಡು, ಮೇಲೆ ಒಂದು. ಇದರ ಮರ್ಮವನ್ನು ಸಾವಧಾನವಾಗಿ ಗ್ರಹಿಸಬೇಕು. ಗುಳವು ಮಣ್ಣಿನಲ್ಲಿ ಮುಂದುವರಿಯುವಾಗ ಮಣ್ಣು ಅದನ್ನು ಹಿಂದಕ್ಕೆ ತಡೆಯುತ್ತದೆ. ಬುಡವು ಹಿಂದುಳಿದು ಸೊಂಟವನ್ನು ಯಾರೋ ಎಳೆದರೆ ತಲೆಯು ಮುಂದಕ್ಕೆ ಬಾಗುವುದಲ್ಲವೆ? ಹಾಗೆಯೇ ನೇಗಿಲಿನ ಮೇಲ್ಭಾಗವು ಮುಂದಕ್ಕೆ ವಾಲಲು ನೋಡುತ್ತದೆ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತಿರಲು, ಮೇಲಿನ ತೋಳು ಟ್ರ್ಯಾಕ್ಟರನ್ನು ಹಿಂದಿನಿಂದ ಮುಂದಕ್ಕೆ ಒತ್ತುತ್ತದೆ. ಆ ಒತ್ತಡವು ಮುಂದಿನ ಗಾಲಿಗಳನ್ನು ನೆಲದ ಮೇಲೆಯೇ ಇರಿಸುತ್ತದೆ. ಯಾವ ತಡೆಯು ಹಿಂದೆ ಯಂತ್ರವನ್ನು ಮಗುಚುತ್ತಿತ್ತೋ, ಅದೇ ತಡೆಯು ಈಗ ಯಂತ್ರವನ್ನು ಕಾಯುತ್ತದೆ. ಇದಲ್ಲದೆ, ನೇಗಿಲಿಗೆ ಸ್ವಂತ ಗಾಲಿಗಳಿಲ್ಲದ ಕಾರಣ ಅದರ ಭಾರವೂ, ಮಣ್ಣು ಅದನ್ನು ಕೆಳಕ್ಕೆ ಜಗ್ಗುವ ಬಲವೂ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬಂದು ಕೂರುತ್ತವೆ. ಹಿಡಿತಕ್ಕಾಗಿ ಕಬ್ಬಿಣವನ್ನು ಹೇರುವ ಅಗತ್ಯವೇ ಉಳಿಯಲಿಲ್ಲ.

ಇನ್ನು ಆಳದ ಸಮಸ್ಯೆಯೊಂದು ಉಳಿದಿತ್ತು. ಯಂತ್ರಕ್ಕೇ ಜೋಡಿಸಿದ ನೇಗಿಲು, ಮುಂದಿನ ಗಾಲಿ ದಿಣ್ಣೆಯನ್ನೇರಿದರೆ ಆಳಕ್ಕೆ ಇಳಿಯುತ್ತದೆ, ತಗ್ಗಿಗಿಳಿದರೆ ಮೇಲಕ್ಕೇಳುತ್ತದೆ. ಮೇಳಿ ಹಿಡಿದ ಕೈಯ ವಿವೇಕವನ್ನು ಯಂತ್ರಕ್ಕೆ ಕೊಡುವುದೆಂತು? 1925ರಲ್ಲಿ ಫರ್ಗುಸನ್ನನು ಇದರ ಉಪಾಯಕ್ಕಾಗಿ ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದನು. ಆ ತತ್ತ್ವವು ಪರಿಪಕ್ವವಾದ ಯಂತ್ರಗಳಲ್ಲಿ ಮೇಲಿನ ತೋಳಿನ ತುದಿಯಲ್ಲಿ ಬಲವಾದ ಸ್ಪ್ರಿಂಗೊಂದು ಇರುತ್ತದೆ. ನೆಲ ಗಟ್ಟಿಯಾದರೆ ತೋಳಿನ ಒತ್ತಡ ಹೆಚ್ಚಿ ಸ್ಪ್ರಿಂಗು ಕುಗ್ಗುತ್ತದೆ. ಅದು ಕುಗ್ಗಿದೊಡನೆ ಎಣ್ಣೆಯ ಕವಾಟವು ಚಲಿಸಿ, ಎಣ್ಣೆಯ ಒತ್ತಡದಿಂದ ಕೆಳಗಿನ ತೋಳುಗಳು ನೇಗಿಲನ್ನು ತುಸು ಎತ್ತುತ್ತವೆ. ತಡೆ ಕಡಿಮೆಯಾದರೆ ಸ್ಪ್ರಿಂಗು ಹಿಗ್ಗಿ ನೇಗಿಲು ಪುನಃ ಇಳಿಯುತ್ತದೆ. ಉಳುವವನು ಸಣ್ಣದೊಂದು ಹಿಡಿಯನ್ನು ಬೇಕಾದಲ್ಲಿ ನಿಲ್ಲಿಸಿ ಕುಳಿತರೆ ಸಾಕು. ಸಾವಿರಾರು ವರ್ಷಗಳಿಂದ ರೈತನ ಅಂಗೈ ಮಾಡುತ್ತಿದ್ದ ಕೆಲಸವನ್ನು ಒಂದು ಸ್ಪ್ರಿಂಗೂ ಒಂದಿಷ್ಟು ಎಣ್ಣೆಯೂ ಮಾಡತೊಡಗಿದುವು.

ಈ ಉಪಾಯವು ನಿರ್ದುಷ್ಟವೆಂದು ಹೇಳುವಂತಿರಲಿಲ್ಲ. ಒಂದೇ ಹೊಲದಲ್ಲಿ ಎರೆಯೂ ಮರಳೂ ಬೆರೆತಿದ್ದರೆ, ಗಟ್ಟಿಯಾದೆಡೆ ಸಾಲು ತೇಲುತ್ತಿತ್ತು, ಮೆದುವಾದೆಡೆ ಹೂತುಹೋಗುತ್ತಿತ್ತು. ಆಮೇಲಿನ ಯಂತ್ರಗಳಲ್ಲಿ ತೋಳುಗಳನ್ನು ಇಟ್ಟ ಎತ್ತರದಲ್ಲಿಯೇ ನಿಲ್ಲಿಸುವ ಇನ್ನೊಂದು ಏರ್ಪಾಡನ್ನು ಕೂಡಿಸಿ ಈ ಕೊರತೆಯನ್ನು ತುಂಬಿದರು.

ಪ್ರಯೋಗಕ್ಕಾಗಿ ಫರ್ಗುಸನ್ನನು 1933ರಲ್ಲಿ ಕಪ್ಪುಬಣ್ಣದ ಟ್ರ್ಯಾಕ್ಟರೊಂದನ್ನು ಕಟ್ಟಿಸಿದನು. 1936ರಲ್ಲಿ ಡೇವಿಡ್ ಬ್ರೌನ್ ಎಂಬ ಇಂಗ್ಲಿಷ್ ತಯಾರಕನ ಸಹಾಯದಿಂದ ಅವನ ಯಂತ್ರಗಳು ಮಾರುಕಟ್ಟೆಗೆ ಬಂದುವು. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನ ಎದುರಿನಲ್ಲಿ ಯಂತ್ರವನ್ನು ಉಳಿಸಿ ತೋರಿಸಿದನು. ಇಬ್ಬರೂ ಪರಸ್ಪರ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದಪತ್ರವೇನೂ ಆಗಲಿಲ್ಲ. 1939ರಲ್ಲಿ ಹೊರಬಂದ ಅವರ ಜಂಟಿ ಟ್ರ್ಯಾಕ್ಟರು ಸುಮಾರು 2,300 ಪೌಂಡು ಮಾತ್ರ ತೂಗುತ್ತಿತ್ತು. 1947ರೊಳಗೆ ಮೂರು ಲಕ್ಷಕ್ಕೂ ಮೇಲ್ಪಟ್ಟು ತಯಾರಾದುವು. ಯಂತ್ರಕ್ಕೂ ನೇಗಿಲಿಗೂ ಸಡಿಲವಿಲ್ಲದ ಕೂಟವನ್ನು ಕಲ್ಪಿಸಿದವನು ತನ್ನ ವ್ಯವಹಾರದ ಕೂಟವನ್ನು ಮಾತಿನ ಮೇಲೆಯೇ ಬಿಟ್ಟಿದ್ದನು. ಫೋರ್ಡನ ಮೊಮ್ಮಗನ ಕಾಲಕ್ಕೆ ಒಪ್ಪಂದವು ಮುರಿದುಬಿದ್ದಿತು. 1948ರಲ್ಲಿ ಫರ್ಗುಸನ್ನನು 25 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರವನ್ನು ಕೇಳಿ ದಾವೆ ಹೂಡಿದನು. 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ, 1946ರಿಂದಲೇ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವನ ಸ್ವಂತ ಹೆಸರಿನ ಬೂದುಬಣ್ಣದ ಟ್ರ್ಯಾಕ್ಟರುಗಳು ತಯಾರಾಗುತ್ತಿದ್ದುವು. 1953ರಲ್ಲಿ ಅವನ ಸಂಸ್ಥೆಯು ಮ್ಯಾಸಿ-ಹ್ಯಾರಿಸ್ ಎಂಬ ಸಂಸ್ಥೆಯೊಡನೆ ಕೂಡಿಕೊಂಡಿತು. ಆತನು 1960ರಲ್ಲಿ ತೀರಿಕೊಂಡನು. ಅದೇ ವರ್ಷ ಮದರಾಸಿನಲ್ಲಿ, ಮ್ಯಾಸಿ ಫರ್ಗುಸನ್ ಸಹಯೋಗದೊಡನೆ, ನಮ್ಮ ದೇಶದ ಟ್ರ್ಯಾಕ್ಟರು ಸಂಸ್ಥೆಯೊಂದು ಪ್ರಾರಂಭವಾಯಿತು. ಇಂದು ಯಾವ ಹೆಸರಿನ ಟ್ರ್ಯಾಕ್ಟರನ್ನು ಕೊಂಡರೂ ಅದರ ಬೆನ್ನಿನಲ್ಲಿ ಸಾಮಾನ್ಯವಾಗಿ ಆ ಮೂರು ತೋಳುಗಳು ಇದ್ದೇ ಇರುತ್ತವೆ.

ಆದರೆ ನೊಗವು ಸರಿಯಾಗಿ ಬಿಗಿದಾಗ ಮಾತ್ರ ಕಾಯುತ್ತದೆ. ಬುಡಸಹಿತ ಮರವನ್ನು ಕೀಳಲೆಂದೋ, ಕೆಸರಿನಲ್ಲಿ ಹೂತ ಗಾಡಿಯನ್ನೆಳೆಯಲೆಂದೋ ಸರಪಣಿಯನ್ನು ಮೇಲಿನ ತೋಳಿನ ಜಾಗಕ್ಕೆ ಅಥವಾ ಇರುಸಿಗೆ ಬಿಗಿದರೆ, ಫರ್ಗುಸನ್ನನ ರಕ್ಷಣೆಯೆಲ್ಲ ವ್ಯರ್ಥವಾಗಿ, ಯಂತ್ರವು ನೂರು ವರ್ಷದ ಹಿಂದಿನಂತೆಯೇ ಹಿಂದಕ್ಕೆ ಮಗುಚುತ್ತದೆ. ಎಳೆಯುವ ಭಾರವನ್ನು ಇರುಸಿಗಿಂತ ಕೆಳಗಿರುವ ಎಳೆಪಟ್ಟಿಗೇ ಕಟ್ಟತಕ್ಕದ್ದು, ನಿಧಾನವಾಗಿ ಎಳೆಯತಕ್ಕದ್ದು, ಮಕ್ಕಳನ್ನು ಗಾಲಿಯ ಮರಗಾರ್ಡಿನ ಮೇಲೆ ಕೂರಿಸಿಕೊಂಡು ಹೋಗಲೇಬಾರದು. ಟ್ರ್ಯಾಕ್ಟರು ಮಗುಚಿದರೂ ಚಾಲಕನು ಉಳಿಯುವಂತೆ ಆಸನದ ಸುತ್ತ ಗಟ್ಟಿಯಾದ ಚೌಕಟ್ಟಿರಬೇಕೆಂದು ಸ್ವೀಡನ್ ದೇಶವು 1959ರಷ್ಟು ಹಿಂದೆಯೇ ಹೊಸ ಟ್ರ್ಯಾಕ್ಟರುಗಳಿಗೆ ಕಟ್ಟಳೆ ಮಾಡಿತು. ಅಂತಹ ಚೌಕಟ್ಟಿಗೆ ಕೊಡುವ ಹಣವನ್ನು ದಂಡವೆಂದು ಭಾವಿಸಬಾರದು.

ಮನೆಯ ಮಗನು ಟ್ರ್ಯಾಕ್ಟರನ್ನೇರಿ ಹೊಲಕ್ಕೆ ಹೊರಟಾಗ, ಅದಕ್ಕೆಷ್ಟು ಕುದುರೆಯ ಬಲವೆಂದು ಕೇಳುವವರು ಬಹಳ ಮಂದಿ. ಭಾರವನ್ನು ಎಲ್ಲಿಗೆ ಕಟ್ಟಿದ್ದೀಯೆ, ಮಗು, ಎಂದು ಕೇಳುವವರು ಮನೆಗೊಬ್ಬರಾದರೂ ಇರಲಿ.