ಹಾಡಿನ ಹಿಂದೆ ಈ ‘ಗುಂಯ್’ ಎಲ್ಲಿಂದ ಬರುತ್ತೆ?

ಹಳೇ ಕ್ಯಾಸೆಟ್ಟನ್ನ ಕಂಪ್ಯೂಟರ್‌ಗೆ ಇಳಿಸ್ತಿದ್ದೀರಾ?
ಹಾಡಿನ ಹಿಂದೆ ‘ಗುಂಯ್’ ಅಂತ ಕೇಳ್ತಿದೆಯಾ?

ನಾನಿರೋದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ.
ಊರಿಂದ ತಂದ ಕ್ಯಾಸೆಟ್‌ನಲ್ಲಿ ನಮ್ಮಜ್ಜಿಯ ಸೋಬಾನೆ ಪದ ಇದೆ.
ಅಜ್ಜಿ ಉಸಿರು ತಗೊಳ್ಳೋ ಕಡೆಯೆಲ್ಲ
ಬರೀ ಗುಂಯ್!

ಮೊದಲು ಕಿವಿಗೊಟ್ಟು ಕೇಳಿ.
ಒಂದೇ ಸಮನೆ, ದಪ್ಪ ದನಿಯಾದ್ರೆ
ಅದು ಕರೆಂಟಿನ ಸದ್ದು.
ನಮ್ಮ ದೇಶದ ಕರೆಂಟು 50 ಹರ್ಟ್ಸ್.
ಅದೇ ಕೇಬಲ್‌ಗೆ ನುಗ್ಗಿದೆ.

ಈಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.
ಬ್ಯಾಟರಿ ಮೇಲೆ ಓಡ್ಲಿ.
ಸದ್ದು ನಿಂತಿತಾ?
ಹಾಗಾದ್ರೆ ಹೆಚ್ಚಾಗಿ ಅದು ಗ್ರೌಂಡ್ ಲೂಪ್.

ಎರಡು ನೀರಿನ ತೊಟ್ಟಿ ನೆನೆಸ್ಕೊಳ್ಳಿ.
ಒಂದರ ಮಟ್ಟ ಮೇಲೆ, ಇನ್ನೊಂದರದ್ದು ಕೆಳಗೆ.
ನಡುವೆ ಪೈಪ್ ಹಾಕಿದ್ರೆ ನೀರು ಹರಿಯುತ್ತೆ ಅಲ್ವಾ?
ಕ್ಯಾಸೆಟ್ ಪ್ಲೇಯರಿನ ಆಂಪ್ಲಿಫೈಯರ್ ಒಂದು ಪ್ಲಗ್ಗಲ್ಲಿ,
ಕಂಪ್ಯೂಟರ್ ಇನ್ನೊಂದರಲ್ಲಿ.
ಎರಡರ ಅರ್ತಿಂಗ್ ಮಟ್ಟದಲ್ಲಿ ಚೂರು ವ್ಯತ್ಯಾಸ.
ನಿಮ್ಮ ಆಡಿಯೋ ಕೇಬಲ್ಲೇ ಆ ಪೈಪು!

ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿ.
ಅದಕ್ಕೂ ಬಗ್ಗದಿದ್ರೆ, ನಡುವೆ ಗ್ರೌಂಡ್ ಲೂಪ್ ಐಸೊಲೇಟರ್.
ಅರ್ತ್ ಪಿನ್ ಮಾತ್ರ ಯಾವತ್ತೂ ಮುರೀಬೇಡಿ.
ಅದು ಜೀವ ಕಾಯೋ ಪಿನ್ನು.

ಗುಂಯ್ ಅಲ್ಲ, ‘ಸ್ಸ್ಸ್’ ಅನ್ನುತ್ತಾ?
ಮೈಕ್ ಬೂಸ್ಟ್ ಸೊನ್ನೆಗೆ ಇಳಿಸಿ.
ಡೆಸ್ಕ್‌ಟಾಪ್ ಆದ್ರೆ, ಕೇಬಲ್ಲನ್ನ ಗುಲಾಬಿ ತೂತಿಂದ ತೆಗೆದು
ತಿಳಿನೀಲಿ ಲೈನ್-ಇನ್‌ಗೆ ಹಾಕಿ.

ಮೌಸ್ ಅಲ್ಲಾಡಿಸಿದಾಗ ಚಿರ್‌ಚಿರ್ ಅಂತಿದ್ರೆ
ಅದು ಕಂಪ್ಯೂಟರ್ ಒಳಗಿನ ಗಲಾಟೆ.
ಹೊರಗಿಂದ ಹಾಕೋ ಯುಎಸ್‌ಬಿ ಸೌಂಡ್ ಕಾರ್ಡೇ ವಾಸಿ.

ನಮ್ಮನೇಲಿ ಚಾರ್ಜರ್ ಕಿತ್ತ ತಕ್ಷಣ ನಿಂತುಹೋಯ್ತು.
ಈಗ ಅಜ್ಜಿಯ ಬಳೆ ಸದ್ದೂ ಕೇಳುತ್ತೆ.

ನಿಮ್ಮನೇಲೂ ಅಂಥ ಕ್ಯಾಸೆಟ್ ಇದ್ರೆ
ಈ ಭಾನುವಾರವೇ ಇಳಿಸ್ಕೊಳ್ಳಿ.