ಹಾಲು ಬಿಟ್ಟ ಕರುವಿನ ಮೇವು

ತುಮಕೂರಿನಿಂದ ಕುಣಿಗಲಿಗೆ ಹೋಗುವ ಹಾದಿಯಲ್ಲಿರುವ ಹೆಬ್ಬೂರಿನ ಸುತ್ತಣ ಸೀಮೆಯು ರಾಗಿಯ ಸೀಮೆ. ಸುಗ್ಗಿ ಕಳೆದು ಹಿತ್ತಿಲಲ್ಲಿ ರಾಗಿಹುಲ್ಲಿನ ಬಣವೆಯೊಂದು ಎದ್ದಿತೆಂದರೆ ವರ್ಷದ ಮೇವಿನ ಚಿಂತೆಯು ತೀರಿತೆಂದು ಮನೆಯವರೆಲ್ಲರೂ ಭಾವಿಸುವರು. ಕರೆಯುವ ಹಸುವಿಗೆ ಹಿಂಡಿ, ಬೂಸಾ, ಕಲಗಚ್ಚು ಎಲ್ಲವೂ ಸಲ್ಲುವುವು. ಹಾಲು ಬಿಟ್ಟ ಕರುವಾದರೋ, ಸದ್ಯಕ್ಕೆ ಯಾವ ಪ್ರಯೋಜನಕ್ಕೂ ಬಾರದುದೆಂದು ಎಣಿಸಲ್ಪಟ್ಟು, ತಾಯಿ ತಿಂದುಳಿದ ಕಡ್ಡಿಗಳನ್ನು ಆಯುತ್ತ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲುವುದು. ಕೆಲವು ತಿಂಗಳಲ್ಲಿ ಅದರ ಹೊಟ್ಟೆಯು ಗುಡಾಣದಂತೆ ಊದಿ, ಪಕ್ಕೆಲುಬುಗಳು ಎಣಿಸುವಂತಾಗುವುವು. ಹೊಟ್ಟೆಯನ್ನು ನೋಡಿ ಚೆನ್ನಾಗಿ ಮೇದಿದೆಯೆಂದು ಸಂತೋಷಪಡುವವರೂ ಉಂಟು!

ಇದರ ಕಾರಣವನ್ನು ಅರಿತರೆ ಉಪಾಯವು ತಾನಾಗಿ ಹೊಳೆಯುವುದು. ದನವು ಹುಲ್ಲನ್ನು ಜೀರ್ಣಿಸಿಕೊಳ್ಳುವುದು ತನ್ನ ಶಕ್ತಿಯೊಂದರಿಂದಲೇ ಅಲ್ಲ. ಅದರ ಮೊದಲನೆಯ ಹೊಟ್ಟೆಯಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಆ ಕಾರ್ಯವನ್ನು ನಡೆಸುವುವು. ಅವು ವೃದ್ಧಿಯಾಗಬೇಕಾದರೆ ಸಸಾರಜನಕವು ಬೇಕು. ರಾಗಿಹುಲ್ಲಿನಲ್ಲಿ ಅದು ನೂರಕ್ಕೆ ೩–೪ ಪಾಲು ಮಾತ್ರ. ಬೆಳೆಯುವ ಕರುವಿನ ಒಟ್ಟು ಆಹಾರದಲ್ಲಾದರೋ ೧೨ ಪಾಲಿಗೆ ಕಡಮೆಯಿರಬಾರದು. ಕೊರತೆಯಾದಾಗ ಹುಲ್ಲು ಕರಗದೆ ಹೊಟ್ಟೆಯಲ್ಲಿಯೇ ತಡೆದು ನಿಲ್ಲುವುದು. ಜಂತುಹುಳುವಿನಿಂದಲೂ ಇದೇ ರೂಪವು ಬರುವುದುಂಟು. ಆದುದರಿಂದ ಪಶುವೈದ್ಯರಿಗೆ ತೋರಿಸುವುದು ಅವಶ್ಯ.

ಕಡಲೆಕಾಯಿ ಹಿಂಡಿಯಲ್ಲಿ ಸಸಾರಜನಕವು ನೂರಕ್ಕೆ ೪೦ಕ್ಕೂ ಮಿಗಿಲು, ತಿಪಟೂರಿನ ಕಡೆಯಿಂದ ಬರುವ ಕೊಬ್ಬರಿ ಹಿಂಡಿಯಲ್ಲಿ ಸುಮಾರು ೨೦. ಆದರೆ ಎಲ್ಲವನ್ನೂ ಹಣ ಕೊಟ್ಟು ತರಬೇಕಾದುದಿಲ್ಲ. ಅವರೆ, ತೊಗರಿ, ಹುರುಳಿಗಳನ್ನು ಬಡಿದಾಗ ಉಳಿಯುವ ಹೊಟ್ಟು, ಕಡಲೆಕಾಯಿಯ ಬಳ್ಳಿ, ಇವು ರಾಗಿಹುಲ್ಲಿಗಿಂತ ಎಷ್ಟೋ ಮೇಲು. ಇವನ್ನು ಕಣದಲ್ಲಿ ಮಳೆಗೆ ಬಿಡುವವರನ್ನು ಕಂಡಾಗ ನನಗೆ ವ್ಯಸನವಾಗುವುದು. ರೇಷ್ಮೆ ಸಾಕುವ ಮನೆಗಳಲ್ಲಿ ಮಿಕ್ಕ ಹಿಪ್ಪುನೇರಳೆ ಸೊಪ್ಪು ಅತ್ಯುತ್ತಮವಾದ ಮೇವು. ಒಣಗಿದ ಲೆಕ್ಕದಲ್ಲಿ ನೂರಕ್ಕೆ ೧೫ ಪಾಲಿಗೂ ಮೇಲ್ಪಟ್ಟು ಸಸಾರಜನಕವುಳ್ಳದ್ದು. ಆದರೆ ಹುಳುವಿನ ಹಾಸಿಗೆಯಲ್ಲಿ ಸುಣ್ಣವೋ ಔಷಧದ ಪುಡಿಯೋ ಬಿದ್ದಿದ್ದರೆ ಅದು ಗೊಬ್ಬರದ ಗುಂಡಿಗೇ ಸಲ್ಲಲಿ. ವೀಳ್ಯದೆಲೆಯ ತೋಟದಲ್ಲಿ ಬಳ್ಳಿಗೆ ಆಸರೆಯಾದ ಅಗಸೆಮರದ ಸೊಪ್ಪು, ಬದುವಿನ ಮೇಲಣ ಗ್ಲಿರಿಸಿಡಿಯಾ ಸೊಪ್ಪು ಇವೂ ಯೋಗ್ಯವೇ. ಎರಡನೆಯದರ ವಾಸನೆಯನ್ನು ಕರು ಮೊದಲು ಒಪ್ಪದು. ಒಂದು ದಿನ ಬಾಡಿಸಿ ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಬೇಕು.

ಅಜೋಲದ ಹೊಗಳಿಕೆ ಈಗ ಬಹಳ. ಅದು ಒಳ್ಳೆಯದೇ, ಸಂದೇಹವಿಲ್ಲ. ಆದರೆ ಒಂದು ಕಿಲೋ ಹಸಿ ಅಜೋಲದಲ್ಲಿ ೯೦೦ ಗ್ರಾಮಿಗೂ ಮಿಕ್ಕು ನೀರೇ ಇರುವುದರಿಂದ, ಅದನ್ನೊಂದನ್ನೇ ನಂಬಿ ಹಿಂಡಿಯನ್ನು ನಿಲ್ಲಿಸುವುದು ವಿವೇಕವಲ್ಲ.

ಮನೆಯಲ್ಲಿಯೇ ತಿಂಡಿ ಬೆರಸುವವರು ಮುಸುಕಿನ ಜೋಳದ ನುಚ್ಚು ೪೦ ಪಾಲು, ಕಡಲೆಕಾಯಿ ಹಿಂಡಿ ೨೫, ಗೋಧಿಬೂಸಾ ೩೨, ಖನಿಜ ಮಿಶ್ರಣ ೨, ಉಪ್ಪು ೧, ಹೀಗೆ ಸೇರಿಸಬಹುದು. ಆರು ತಿಂಗಳ ಕರುವಿಗೆ ಮೇವಿನ ಗುಣವನ್ನು ನೋಡಿ ದಿನಕ್ಕೆ ೧ರಿಂದ ೧½ ಕಿಲೋ ಸಾಕು. ಬೂಷ್ಟು ಹಿಡಿದ ಹಿಂಡಿಯು ವಿಷಕ್ಕೆ ಸಮಾನ. ಅದನ್ನು ಒಣಗಿಸಿ ಹಾಕಿದರೂ ವಿಷವು ಹೋಗುವುದಿಲ್ಲ. ಹರಳಿನ ಹಿಂಡಿಯನ್ನು ಗೋದಲಿಯ ಬಳಿಗೂ ತರಕೂಡದು. ಯೂರಿಯಾ ಬೆರಸಿ ಹದಮಾಡಿದ ಹುಲ್ಲನ್ನು ಆರು ತಿಂಗಳು ತುಂಬದ ಕರುವಿಗೆ ಹಾಕಬಾರದು. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು ಪುಣ್ಯವೆಂದು ಸುರಿಯುವುದೂ ಅಪಾಯ. ಹೊಟ್ಟೆ ಹುಳಿತು ಒಂದೆರಡು ದಿನಗಳಲ್ಲಿಯೇ ಕರು ಸತ್ತುಹೋಗಬಹುದು.

ಚೆನ್ನಾಗಿ ಮೇದ ಮಿಶ್ರತಳಿಯ ಕಡಸು ಎರಡೂವರೆ ವರ್ಷದ ಸುಮಾರಿಗೆ ಈಯುವುದು. ಬರಿಯ ಹುಲ್ಲಿನಲ್ಲಿ ಬೆಳೆದುದು ಇನ್ನೂ ಒಂದು ವರ್ಷವನ್ನೋ ಹೆಚ್ಚನ್ನೋ ಕಾಯಿಸುವುದು. ಅಷ್ಟು ಕಾಲದ ಹಾಲಿನ ಬೆಲೆಯನ್ನು ಮನೆಯ ಯಜಮಾನಿಯೇ ಲೆಕ್ಕಹಾಕಲಿ.

ತಕ್ಕಡಿಯಿಲ್ಲದವರು ತಿಂಗಳಿಗೊಮ್ಮೆ ಕರುವಿನ ಮುಂಗಾಲ ಹಿಂದೆ ಎದೆಯ ಸುತ್ತ ದಾರ ಹಿಡಿದು, ಅಳತೆಗೆ ಗಂಟು ಹಾಕಿಡಲಿ. ಮುಂದಿನ ತಿಂಗಳ ಗಂಟು ಹಿಂದಿನ ಗಂಟಿನ ಮೇಲೆಯೇ ಬಿದ್ದರೆ, ಗೋದಲಿಯನ್ನು ಅಂದೇ ಪರೀಕ್ಷಿಸತಕ್ಕದ್ದು.