ಆರು ತಿಂಗಳ ಊರಿಗೆ ವಿದಾಯ

ಜರ್ಮನಿಯ ವಿಶ್ವವಿದ್ಯಾಲಯ ಪಟ್ಟಣಗಳಲ್ಲಿ ಚಳಿಗಾಲದ ಸೆಮಿಸ್ಟರ್‌ನ ತರಗತಿಗಳು ಸಾಮಾನ್ಯವಾಗಿ ಫೆಬ್ರುವರಿ ಮಧ್ಯದ ಹೊತ್ತಿಗೆ ಮುಗಿಯುತ್ತವೆ. ಪರೀಕ್ಷೆಗಳ ಗಲಾಟೆ ಅಡಗುತ್ತಿದ್ದಂತೆ ವಿದ್ಯಾರ್ಥಿನಿಲಯಗಳ ಮುಂದಿನ ಕಾಲುದಾರಿಯಲ್ಲಿ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ಮೇಲೆ ‘ಬೇಕಾದವರು ಒಯ್ಯಬಹುದು’ ಎಂಬರ್ಥದ ಚೀಟಿ. ಒಳಗೆ ಹಿಡಿ ಸಡಿಲವಾದ ಬಾಣಲೆ, ಮೇಜಿನ ದೀಪ, ಅರ್ಧ ಖಾಲಿಯಾದ ಉಪ್ಪಿನ ಡಬ್ಬಿ. ಒಂದು ಸೆಮಿಸ್ಟರ್ ಓದಲು ಬಂದವರು ಊರು ಬಿಡುತ್ತಿದ್ದಾರೆ ಎಂಬುದಕ್ಕೆ ಬೇರೆ ಪ್ರಕಟಣೆ ಬೇಕಿಲ್ಲ. ಭಾರತೀಯರಿರುವ ಕಡೆ ಒಂದು ವಸ್ತು ಮಾತ್ರ ಅಷ್ಟು ಸುಲಭವಾಗಿ ಬೀದಿಗೆ ಬರುವುದಿಲ್ಲ. ಅದು ಪ್ರೆಷರ್ ಕುಕ್ಕರ್. ಹೋಗುವವರಿಂದ ಬರುವವರಿಗೆ ಅದು ಆಸ್ತಿಯಂತೆ ಹಸ್ತಾಂತರವಾಗುತ್ತದೆ.

ಯುರೋಪಿನಲ್ಲಿ ಈ ವಿದಾಯದ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. 1958ರಲ್ಲಿ ಸೋಫಿಯಾ ಕೊರಾದಿ ಎಂಬ ಇಟಲಿಯ ತರುಣಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಪಡೆದು ರೋಮ್‌ಗೆ ಮರಳಿದರು. ಅಲ್ಲಿನ ವಿಶ್ವವಿದ್ಯಾಲಯ ಆ ಓದನ್ನು ಮಾನ್ಯ ಮಾಡಲಿಲ್ಲ. ಎಲ್ಲರ ಎದುರೇ ಅವರನ್ನು ಅವಮಾನಿಸಿ ಕಳುಹಿಸಲಾಯಿತು. ಕೊರಾದಿ ಅದನ್ನು ಮರೆಯಲಿಲ್ಲ. ಹೊರದೇಶದಲ್ಲಿ ಓದಿದ್ದಕ್ಕೆ ಸ್ವದೇಶದಲ್ಲಿ ಮನ್ನಣೆ ದೊರೆಯಬೇಕೆಂದು ವರ್ಷಗಟ್ಟಲೆ ಹಟ ಹಿಡಿದು ಓಡಾಡಿದರು. 1987ರಲ್ಲಿ ‘ಎರಾಸ್ಮಸ್’ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮ ಆರಂಭವಾದಾಗ 11 ದೇಶಗಳ 3,244 ವಿದ್ಯಾರ್ಥಿಗಳು ಅದರ ಪ್ರಯೋಜನ ಪಡೆದರು. ‘ಮಮ್ಮಾ ಎರಾಸ್ಮಸ್’ ಎಂದೇ ಹೆಸರಾಗಿದ್ದ ಕೊರಾದಿ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ, ಎಲ್ಲ ಬಗೆಯ ಫಲಾನುಭವಿಗಳ ಸಂಖ್ಯೆ ಕೋಟಿಯನ್ನು ದಾಟಿ ಬಹಳ ಕಾಲವಾಗಿತ್ತು.

ಐರೋಪ್ಯ ಲೆಕ್ಕದಲ್ಲಿ ಒಂದು ಸೆಮಿಸ್ಟರ್ ಎಂದರೆ 30 ಕ್ರೆಡಿಟ್. ಹೊರಡುವ ಮುನ್ನ ನಗರಾಡಳಿತದ ದಾಖಲೆಯಿಂದ ಹೆಸರು ತೆಗೆಸಬೇಕು, ಕೋಣೆಯ ಗೋಡೆಗೆ ಕಲೆಯಾಗಿಲ್ಲವೆಂದು ತೋರಿಸಿ ಠೇವಣಿ ಹಿಂಪಡೆಯಬೇಕು. ಇವೆಲ್ಲ ಹೇಗೋ ಮುಗಿದುಹೋಗುತ್ತವೆ. ಮುಗಿಯದ ಬಾಬತ್ತು ಬೇರೆಯೇ ಇದೆ.

ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಅದರ ಹಿಂದಿರುವುದು ಅಪಶಕುನದ ಅಂಜಿಕೆಯಷ್ಟೇ ಅಲ್ಲ. ಹೊರಟವರು ಹೋದರೂ ಊರು ಅಲ್ಲೇ ಇರುತ್ತದೆ ಎಂಬ ಭರವಸೆಯೂ ಇದೆ. ಮಗಳು ಗಂಡನ ಮನೆಗೆ ಹೋದರೂ ತವರಿನ ಜಗಲಿ ಉಳಿಯುತ್ತದೆ. ಮುಂಬಯಿಯ ಹೋಟೆಲಿನಲ್ಲಿ ದುಡಿಯಲು ಹೋದ ಕರಾವಳಿಯ ಹುಡುಗನಿಗೆ ಮರಳಿ ಬರಲು ಮನೆಯಿರುತ್ತದೆ. ಸೆಮಿಸ್ಟರ್ ಕೊನೆಯ ವಿದಾಯ ಹಾಗಲ್ಲ. ಇಲ್ಲಿ ಒಬ್ಬರು ಹೊರಟು ಉಳಿದವರು ಬೀಳ್ಕೊಡುವ ಕ್ರಮವಿಲ್ಲ. ವಿನಿಮಯಕ್ಕೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಚದುರಿಹೋಗುತ್ತಾರೆ. ಒಂದೇ ಅಡುಗೆಮನೆಯನ್ನು ಹಂಚಿಕೊಂಡು, ಒಬ್ಬರ ಬೆಳ್ಳುಳ್ಳಿಯ ವಾಸನೆಗೆ ಇನ್ನೊಬ್ಬರು ಮೂಗು ಮುರಿದು, ಕೊನೆಗೆ ಅದೇ ತಟ್ಟೆಗೆ ಕೈಹಾಕಿದವರು ಮಾದ್ರಿದ್, ಕ್ರಾಕೋವ್, ಅಂಕಾರಾ, ಬೆಂಗಳೂರು ಎಂದು ಬೇರೆ ಬೇರೆ ದಿಕ್ಕು ಹಿಡಿಯುತ್ತಾರೆ. ಮುಂದೆಂದಾದರೂ ಆ ಪಟ್ಟಣಕ್ಕೆ ಹೋದರೆ ಅದೇ ಟ್ರಾಮ್, ಅದೇ ಗ್ರಂಥಾಲಯ ಸಿಗಬಹುದು. ಆದರೆ ಆ ಒಲೆಯ ಮೇಲೆ ಇನ್ನಾರದೋ ಸಾರು ಕುದಿಯುತ್ತಿರುತ್ತದೆ. ‘ಬರುತ್ತೇನೆ’ ಎಂದು ಹೇಳೋಣವೆಂದರೆ ಹೇಳಿಸಿಕೊಳ್ಳಲು ಯಾರೂ ಅಲ್ಲಿರುವುದಿಲ್ಲ.

ಐರೋಪ್ಯ ಆಯೋಗ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಈ ಕಾರ್ಯಕ್ರಮದಲ್ಲಿ ಓದಿದವರಲ್ಲಿ ಶೇ 27ರಷ್ಟು ಮಂದಿ ತಮ್ಮ ಬಾಳಸಂಗಾತಿಯನ್ನು ಕಂಡುಕೊಂಡದ್ದು ಆ ವಿದೇಶ ವಾಸದಲ್ಲೇ. 1987ರಿಂದ ಇಂತಹ ಜೋಡಿಗಳಿಗೆ ಸುಮಾರು 10 ಲಕ್ಷ ಮಕ್ಕಳು ಹುಟ್ಟಿರಬಹುದೆಂದೂ ಆಯೋಗ ಅಂದಾಜಿಸಿತು. ಈ ಅಂಕಿ ಪತ್ರಿಕೆಗಳಿಗೆ ಬಹಳ ಹಿಡಿಸಿತೆಂದು ಬೇರೆ ಹೇಳಬೇಕಿಲ್ಲ. ರೈಲು ನಿಲ್ದಾಣದಲ್ಲಿ ಕೈಬೀಸುವುದರೊಂದಿಗೇ ಮುಗಿದುಹೋದ ಸ್ನೇಹಗಳನ್ನು ಎಣಿಸುವ ಗೋಜಿಗೆ ಯಾವ ಆಯೋಗ ತಾನೇ ಹೋದೀತು?

ಕೈಬೀಸುವ ಅವಕಾಶವೂ ಸಿಗದವರಿದ್ದಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಗಡಿಗಳು ಮುಚ್ಚತೊಡಗಿದಾಗ ಎಷ್ಟೋ ವಿದ್ಯಾರ್ಥಿಗಳು ಸಿಕ್ಕ ವಿಮಾನ ಹತ್ತಿ ಊರು ಸೇರಿದರು. ಸೆಮಿಸ್ಟರ್‌ನ ಉಳಿದ ಪಾಠಗಳು ಕಂಪ್ಯೂಟರ್ ಪರದೆಯ ಮೇಲೆ ನಡೆದವು, ಕ್ರೆಡಿಟ್ ಕೂಡ ದೊರೆಯಿತು. ವಿದಾಯಕ್ಕೆ ಮಾತ್ರ ಅಂತಹ ಏರ್ಪಾಡು ಸಾಧ್ಯವಾಗಲಿಲ್ಲ.

ಕಾರ್ಯಕ್ರಮ ಯಾರ ಹೆಸರನ್ನು ನೆನಪಿಸುತ್ತದೆಯೋ ಆ ಎರಾಸ್ಮಸ್ ಕೂಡ ಊರೂರು ಅಲೆದ ವಿದ್ವಾಂಸ. ಪ್ಯಾರಿಸ್ಸಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಕಲಿಸಿ, 1536ರಲ್ಲಿ ಬಾಸೆಲ್‌ನಲ್ಲಿ ಕಣ್ಣುಮುಚ್ಚಿದವರು. ಅವರೂ ಆಂಟ್ವರ್ಪ್‌ನ ಪೀಟರ್ ಗಿಲಿಸ್‌ರೂ ಕೂಡಿ 1517ರಲ್ಲಿ ಕಲಾವಿದ ಕ್ವೆಂಟಿನ್ ಮೆಟ್ಸಿಸ್‌ರಿಂದ ತಮ್ಮ ಭಾವಚಿತ್ರ ಬರೆಸಿ, ಗೆಳೆಯ ಥಾಮಸ್ ಮೋರ್‌ಗೆ ಕಳುಹಿಸಿದರು. ದೂರವಿರುವ ಗೆಳೆಯನ ಕಣ್ಣೆದುರು ತಾವಿರಬೇಕೆಂಬ ಆಸೆ ಮೊಬೈಲ್ ಫೋನಿಗಿಂತ ಬಹಳ ಹಳೆಯದು.

ಈಗ ಆ ಆಸೆಗೆ ವಾಟ್ಸ್‌ಆ್ಯಪ್ ಗುಂಪಿದೆ. ಆದರೆ ಗುಂಪಿನಲ್ಲಿರುವ ಎಲ್ಲರ ವಿದಾಯವೂ ಒಂದೇ ತೂಕದ್ದಲ್ಲ. ಮಾದ್ರಿದ್‌ನವಳೂ ಕ್ರಾಕೋವ್‌ನವನೂ ‘ಮುಂದಿನ ತಿಂಗಳು ಲಿಸ್ಬನ್‌ನಲ್ಲಿ ಸೇರೋಣ’ ಎಂದು ಹೇಳಿ ನಿಜಕ್ಕೂ ಸೇರಬಲ್ಲರು. ಅವರಿಗೆ ಬೇಕಿರುವುದು ಅಗ್ಗದ ವಿಮಾನದ ಟಿಕೆಟ್ ಮಾತ್ರ. ಟರ್ಕಿಯಂತೂ ಎರಾಸ್ಮಸ್‌ನ ಪಾಲುದಾರ ದೇಶ. ಆದರೂ ಅಂಕಾರಾದ ಹುಡುಗನಿಗೆ ವೀಸಾ ಬೇಕು. 2004ರಲ್ಲಿ ಆರಂಭವಾದ ‘ಎರಾಸ್ಮಸ್ ಮುಂಡುಸ್’ ಸ್ನಾತಕೋತ್ತರ ಕೋರ್ಸುಗಳ ಮೂಲಕ ಭಾರತದಿಂದಲೂ ಗಣನೀಯ ಸಂಖ್ಯೆಯಲ್ಲಿ ವಿದ್ಯಾರ್ಥಿಗಳು ಹೋಗುತ್ತಿದ್ದಾರೆ. ಕನಿಷ್ಠ ಎರಡು ದೇಶಗಳಲ್ಲಿ ಓದಬೇಕಾದ ಇವರಿಗೆ ವಿದಾಯದ ಅಭ್ಯಾಸವೂ ಪಠ್ಯಕ್ರಮದ ಭಾಗವೇ. ಊರಿಗೆ ಮರಳಿದ ಮೇಲೆ ಅದೇ ಗೆಳೆಯರನ್ನು ಮೂರು ದಿನದ ಮಟ್ಟಿಗೆ ಕಾಣಬೇಕೆಂದರೂ ಷೆಂಗೆನ್ ವೀಸಾದ 90 ಯೂರೊ ಶುಲ್ಕ, 30 ಸಾವಿರ ಯೂರೊ ಮೊತ್ತದ ವಿಮೆ, ಬ್ಯಾಂಕಿನ ಲೆಕ್ಕಪತ್ರ ಎಲ್ಲವೂ ಹೊಸದಾಗಿ ಆಗಬೇಕು. ಆರು ತಿಂಗಳು, ವರ್ಷ ತಮ್ಮ ನೆಲದಲ್ಲಿ ಇಟ್ಟುಕೊಂಡು ಓದಿಸಿ, ನಿಯಮ ಮೀರದೆ ಮರಳಿದ್ದನ್ನು ಕಂಡ ದೇಶಗಳು ಆ ಹಳೆಯ ವಿದ್ಯಾರ್ಥಿಗೆ ಹಲವು ವರ್ಷಗಳ ಭೇಟಿ ವೀಸಾವನ್ನು ಅಂಕಪಟ್ಟಿಯ ಜೊತೆಗೇ ಏಕೆ ಕೊಡಬಾರದು?